ಎದುರುಮನೆ ಅಜ್ಜನ ರೈಫಲ್ಲು, ಠಾಣೆಯಲ್ಲಿರುವ ಅಪ್ಪನ ಕೋವಿ

ಎದುರುಮನೆಯ ಅಜ್ಜ ಅವತ್ತು ಗರಾಜಿನ ಬಾಗಿಲು ಎತ್ತಿಟ್ಟು, ಸ್ಟೂಲಿನ ಮೇಲೆ ಕೂತು, ಫೋನನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದುಕೊಂಡು ಜೋರಾಗಿ ಬೈಯುತ್ತಿದ್ದ. ಅಂಗಳದಲ್ಲಿ ಮೇಪಲ್ ಎಲೆ ರಾಶಿ ಹಾಕುತ್ತಿದ್ದ ನಾನು, ಮುದುಕನಿಗೆ ಏನೋ ಆಯಿತು ಅಂದುಕೊಂಡು ರೇಕು ಬಿಸಾಕಿ ಓಡಿದೆ. ಹಿಂದೆಯೇ ಮಗಳೂ ಬಂದಳು.

"ಸಾವಿರದ ನೂರು ಡಾಲರ್!" ಅಂದ. "ಇದನ್ನ ಮಾಡೋ ಕಾರ್ಖಾನೇಲಿ ಕೆಲಸಕ್ಕೆ ನಿಂತಿದ್ದವನು ನಾನು. ಮಾಡೋದಕ್ಕೆ ನಂಗೆ ಗಂಟೆ ಲೆಕ್ಕದಲ್ಲಿ ಪುಡಿಗಾಸು ಕೊಟ್ರು. ಈಗ ಅದನ್ನೇ ವಾಪಸ್ ತಗೊಳ್ತೀನಿ ಅಂದ್ರೆ ಪೆನ್ಶನ್ನೇ ಕೇಳ್ತಾರೆ."

ಫೋನಿನಲ್ಲಿ ಒಂದು ಹಳೇ ರೈಫಲ್ಲಿನ ಚಿತ್ರ. ನನ್ನ ಕಣ್ಣಿಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಂದು ಬಣ್ಣ ಬಳಿದ ದಪ್ಪ ಮರದ ಹಿಡಿ, ಕೆತ್ತನೆ ಇಲ್ಲ, ಹೊಳಪಿಲ್ಲ. ನಮ್ಮೂರ ಆಚಾರಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿ ಎದ್ದಂತಿತ್ತು.

ನಾವಿರುವುದು ನ್ಯೂಯಾರ್ಕ್ ರಾಜ್ಯವೇ ಹೌದು. ಆದರೆ ಊರಲ್ಲಿ ಜನ ನ್ಯೂಯಾರ್ಕ್ ಅಂದರೆ ಏನು ನೆನೆಸುತ್ತಾರೋ ಆ ನಗರ ಇಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರ. ಇದು ಮೋಹಾಕ್ ನದಿಯ ಕಣಿವೆ. ಹಾಲಿನ ಡೇರಿ, ಮೆಕ್ಕೆಜೋಳದ ಹೊಲ, ಬಾಗಿಲು ಹಾಕಿದ ಕಾರ್ಖಾನೆಗಳು, ಆರು ತಿಂಗಳು ಹಿಮ. ಪಕ್ಕದ ಊರಿನ ಹೆಸರು ಇಲಿಯನ್. ಮೊದಲ ಸಲ ಹೇಳಿದಾಗ ಅಮ್ಮ ಫೋನಿನಲ್ಲಿ, "ಅಲ್ಲಿ ಇಲಿಕಾಟ ಜಾಸ್ತಿಯೇನೋ?" ಅಂದಿದ್ದಳು.

ಆ ಇಲಿಯನ್ನಿನಲ್ಲೇ ರೆಮಿಂಗ್ಟನ್ ಕಾರ್ಖಾನೆ ಇದ್ದದ್ದು. 1816ರಲ್ಲಿ ಎಲಿಫಲೆಟ್ ರೆಮಿಂಗ್ಟನ್ ಎಂಬಾತ ಅಪ್ಪನ ಕುಲುಮೆಯಲ್ಲಿ ಕೋವಿಯ ನಳಿಗೆ ಬಡಿದು ಶುರುಮಾಡಿದ್ದು. ನನಗೆ ಮಾತ್ರ ರೆಮಿಂಗ್ಟನ್ ಅಂದರೆ ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆ ಮೇಲಿದ್ದ ಟೈಪಿಂಗ್ ಶಾಲೆ. ಪಿಯುಸಿ ರಜೆಯಲ್ಲಿ ಅಪ್ಪ ಸೇರಿಸಿದ್ದ. "ಎ ಎಸ್ ಡಿ ಎಫ್ ಜಿ ಎಫ್" ಅಂತ ಕುಟ್ಟಿ ಕುಟ್ಟಿ ಕಿರುಬೆರಳು ಊದಿಕೊಂಡಿದ್ದ ಆ ಯಂತ್ರದ ಹಣೆಯ ಮೇಲೆ ಇದೇ ಹೆಸರು. 1874ರಲ್ಲಿ ಮಾರುಕಟ್ಟೆಗೆ ಬಂದ ಮೊದಮೊದಲ ಟೈಪ್‌ರೈಟರ್ ತಯಾರಾದದ್ದೂ ಇದೇ ಇಲಿಯನ್ನಿನ ಕೋವಿ ಕಾರ್ಖಾನೆಯಲ್ಲಿ. ಇದನ್ನು ಹೇಳಿದರೆ ಅಜ್ಜ, "ನಿಮ್ಮಲ್ಲಿ ಆ ಹೆಸರಿಗೆ ಗುಂಡು ನೆನಪಾಗಲ್ವಾ? ಪುಣ್ಯವಂತರು" ಅಂದ.

ಅಜ್ಜ ಹುಡುಕುತ್ತಿದ್ದದ್ದು ರೆಮಿಂಗ್ಟನ್ 788. 1967ರಲ್ಲಿ ಬಂದು 1983ಕ್ಕೆ ನಿಂತುಹೋದ ಮಾದರಿ. ಬಡವರ ರೈಫಲ್ಲು ಅಂತಲೇ ಮಾಡಿದ್ದು, ಬಂದಾಗ ತೊಂಬತ್ತು ಡಾಲರ್ ಆಸುಪಾಸು. ಅದರಣ್ಣ 700, ಅದು ದುಡ್ಡಿದ್ದವರದು. ಹಿಡಿಗೆ ವಾಲ್ನಟ್ ಬದಲು ಸಾದಾ ಮರಕ್ಕೆ ಬಣ್ಣ, ಮೂರು ತೋಟಾ ಹಿಡಿಯುವ ತಗಡಿನ ಮ್ಯಾಗಜೀನು, ಎಲ್ಲ ಕಡೆ ಉಳಿತಾಯ. ಆದರೆ ಬಡಪಾಯಿ ಗುರಿ ತಪ್ಪುತ್ತಿರಲಿಲ್ಲ. ನೂರು ಗಜ ದೂರದಲ್ಲಿ ಮೂರು ಈಡು ಹೊಡೆದರೆ ಮೂರೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ ಅಂತ ಅಜ್ಜನ ವಾದ. (ಅವನು ಹೇಳಿದ್ದು ಅವರ ಕಾಲು ಡಾಲರ್ ನಾಣ್ಯ. ಅಳತೆ ಹೆಚ್ಚುಕಮ್ಮಿ ಒಂದೇ.) 788 ಎಂಬ ತಮ್ಮ 700 ಎಂಬ ಅಣ್ಣನನ್ನು ಮೀರಿಸುತ್ತಿದ್ದಾನೆ ಅಂತಲೇ ಕಂಪನಿಯವರು ಇದನ್ನು ನಿಲ್ಲಿಸಿದರು ಎಂಬ ಕಥೆ ಈ ಕಣಿವೆಯ ಬಾರುಗಳಲ್ಲೆಲ್ಲ ಓಡಾಡುತ್ತದೆ. ನಿಜವೋ ಸುಳ್ಳೋ, ಹೊಟ್ಟೆಕಿಚ್ಚಿನ ಕಥೆ ಎಲ್ಲ ದೇಶದಲ್ಲೂ ಓಡುತ್ತದೆ.

ಅಷ್ಟು ನಿಖರ ಹೇಗೆ ಅಂತ ಕೇಳಿದ್ದೇ ತಪ್ಪಾಯಿತು. ಇಂಥ ರೈಫಲ್ಲಿನಲ್ಲಿ ಗುಂಡಿನ ಹಿಂದೆ ಒಂದು ಅಗುಳಿ ಇರುತ್ತದೆ, ಅದೇ ಬೋಲ್ಟು. ಕೈಯಲ್ಲಿ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಒತ್ತಿದರೆ ಬೀಗ. ನಮ್ಮ ಹಳೇ ಮನೆಯ ಹೆಬ್ಬಾಗಿಲ ಅಗುಳಿಯ ಲೆಕ್ಕಾಚಾರವೇ. ಬೇರೆ ರೈಫಲ್ಲುಗಳಲ್ಲಿ ಸಾಮಾನ್ಯವಾಗಿ ಬೋಲ್ಟಿನ ಮುಂಭಾಗದಲ್ಲಿ ಎರಡು ದಪ್ಪ ಹಲ್ಲು ಕಚ್ಚಿಕೊಳ್ಳುತ್ತವೆ. ಇದರಲ್ಲಿ ಹಿಂಭಾಗದಲ್ಲಿ ಮೂರು ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು. ಮೇಲಿನ ಉಕ್ಕಿನ ಗೂಡು ದಪ್ಪ, ತೋಟಾ ಹೊರಬೀಳುವ ಕಿಂಡಿ ಸಣ್ಣದು, ಹಾಗಾಗಿ ಮೈ ಅಲ್ಲಾಡುವುದಿಲ್ಲ. ಕುದುರೆ, ಅಂದರೆ ಟ್ರಿಗರ್, ಎಳೆದದ್ದಕ್ಕೂ ಈಡು ಹಾರುವುದಕ್ಕೂ ನಡುವಿನ ಕ್ಷಣ ಬಹಳ ಚಿಕ್ಕದು. ಇದನ್ನೆಲ್ಲ ಅಜ್ಜ ಸ್ಕ್ರೂಡ್ರೈವರ್ ಹಿಡಿದು ಗಾಳಿಯಲ್ಲಿ ತೋರಿಸಿದ. ಬೋಲ್ಟಿನ ಹಿಡಿ ಬೆಸುಗೆ ಬಿಟ್ಟು ಕೈಗೇ ಬರುವುದೂ ಉಂಟು ಅಂತ ಕೊನೆಗೆ ದನಿ ತಗ್ಗಿಸಿ ಹೇಳಿದ, ಮನೆಮಗಳ ಸಣ್ಣ ಐಬು ಹೇಳುವವರ ಹಾಗೆ.

ಅಜ್ಜನ ಹತ್ತಿರವೂ ಒಂದಿತ್ತು. 1998ರಲ್ಲಿ ಮನೆಯ ಮಾಡು ಸೋರಿದಾಗ ಇನ್ನೂರ ಇಪ್ಪತ್ತಕ್ಕೆ ಮಾರಿದನಂತೆ. ಈಗ ಮೊಮ್ಮಗಳಿಗೆ ಹದಿನಾಲ್ಕು ತುಂಬಿದೆ, ಬೇಟೆ ತರಬೇತಿ ಪಾಸು ಮಾಡಿದ್ದಾಳೆ, ನವೆಂಬರ್ ಮೂರನೇ ಶನಿವಾರ ಜಿಂಕೆ ಸೀಸನ್ನು ಶುರು. ಆದರೆ ಹುಡುಗಿ ಎಡಚಿ. ಎಡಗೈಯವರ 788 ಬಂದದ್ದೇ ಎರಡು ಅಳತೆಯ ತೋಟಾಕ್ಕೆ, 6 ಎಂಎಂ ಮತ್ತು .308. ಸಿಗುವುದೇ ಅಪರೂಪ, ಸಿಕ್ಕರೆ ಕೇಳಿದಷ್ಟು.

"ಹೊಸದೇ ತಗೊಳ್ಳಬಹುದಲ್ಲ?" ಅಂದೆ. ಅರ್ಧ ಬೆಲೆಗೆ ಪ್ಲಾಸ್ಟಿಕ್ ಹಿಡಿಯ ಹೊಸ ರೈಫಲ್ಲು ಸಿಗುತ್ತವೆ, ಗುರಿಯಲ್ಲಿ ಅವೂ ಕಮ್ಮಿಯಿಲ್ಲ ಅಂತ ಅವನೇ ಒಪ್ಪಿದ. ಒಪ್ಪಿ, ಸುಮ್ಮನೆ ಕಾರ್ಖಾನೆಯ ದಿಕ್ಕಿಗೆ ಗದ್ದ ಎತ್ತಿ ತೋರಿಸಿದ.

ಕಂಪನಿ 2018ರಲ್ಲೊಮ್ಮೆ, 2020ರಲ್ಲೊಮ್ಮೆ ದಿವಾಳಿ ಎದ್ದಿತು. ಹೊಸ ಮಾಲೀಕರು ಜಾರ್ಜಿಯಾಕ್ಕೆ ಹೋದರು. 2024ರ ಮಾರ್ಚಿನಲ್ಲಿ ಇಲಿಯನ್ನಿನ ಗೇಟಿಗೆ ಬೀಗ. ಎರಡು ಶತಮಾನ ಊರಿಗೆ ಅನ್ನ ಹಾಕಿದ ನಾಲ್ಕಂತಸ್ತಿನ ಇಟ್ಟಿಗೆ ಕಟ್ಟಡ ಈಗ ನನ್ನ ಆಫೀಸಿನ ದಾರಿಯಲ್ಲಿ ಸುಮ್ಮನೆ ನಿಂತಿದೆ. ಬೀಗ ಬಿದ್ದ ಮೇಲೆ ಬೆಲೆ ಇನ್ನಷ್ಟು ಏರಿತು ಅಂತ ಅಜ್ಜನ ಲೆಕ್ಕ. ಇದ್ದಾಗ ಸಸಾರ ಮಾಡಿದವರೆಲ್ಲ ಈಗ 'ಇಲಿಯನ್, ನ್ಯೂಯಾರ್ಕ್' ಅಂತ ನಳಿಗೆಯ ಮೇಲಿನ ಅಕ್ಷರಕ್ಕೆ ದುಡ್ಡು ಕೊಡುತ್ತಾರಂತೆ. ನಾನು ರಾತ್ರಿ ಕೂತು ಬೇರೆ ಲೆಕ್ಕ ಹಾಕಿದೆ. 1967ರ ತೊಂಬತ್ತು ಡಾಲರು ಹಣದುಬ್ಬರ ಸೇರಿಸಿದರೆ ಇವತ್ತಿಗೆ ಎಂಟುನೂರು ದಾಟುತ್ತದೆ. ಅಂದರೆ ರೈಫಲ್ಲಿನ ಬೆಲೆ ಆಕಾಶಕ್ಕೇನೂ ಏರಿಲ್ಲ, ನಡುವೆ ಬಿದ್ದದ್ದು ಎದ್ದು ನಿಂತಿದೆ ಅಷ್ಟೆ. ಬಿದ್ದಾಗ ಮಾರಿ, ಎದ್ದಾಗ ಕೊಳ್ಳುವುದು ಅಜ್ಜನ ಹಣೆಬರಹ. ಅಡಿಕೆ ಬೆಳೆಗಾರನ ಮಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಬಾಯಿ ತೆರೆದು ಕೇಳುತ್ತಿದ್ದ ಮಗಳು ವಾಪಸ್ ರಸ್ತೆ ದಾಟುವಾಗ ಕೇಳಿದಳು: "ಹಾಗಾದ್ರೆ ನಮ್ಮ ಅಜ್ಜನ ಕೋವಿಗೆ ಈಗ ಎಷ್ಟು?"

ನಮ್ಮ ಅಪ್ಪನ ಕೋವಿ! ಮೊಟ್ಟೆ ಕಂಡರೆ ಮಾರು ದೂರ ಹೋಗುವ ಮನೆಯಲ್ಲಿ ಕೋವಿ ಯಾಕೆ ಅಂತ ಇಲ್ಲಿ ಯಾರಿಗೂ ವಿವರಿಸಲಾಗಿಲ್ಲ. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆಯ ಕೇಪಿನ ಕೋವಿ, ಅಪ್ಪ ಶಿವಮೊಗ್ಗದಿಂದ ನಾನೂರೈವತ್ತು ರೂಪಾಯಿಗೆ ತಂದದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲಿನಲ್ಲಿ ಟಕ್ ಟಕ್ ಅಂತ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಕೂರಿಸುವಷ್ಟರಲ್ಲಿ ಮಂಗಗಳು ಒಂದು ಗೊನೆ ಮುಗಿಸಿರುತ್ತಿದ್ದವು. ಚರೆ ಹಾಕುತ್ತಿರಲಿಲ್ಲ, ಬರೀ ಸದ್ದಿನ ಈಡು. ಮೊದಲ ದಿನ ಓಡಿದವು ಮೂರನೇ ದಿನಕ್ಕೆ ಹಿಂತಿರುಗಿಯೂ ನೋಡುತ್ತಿರಲಿಲ್ಲ. "ಇದು ಕೋವಿಯಲ್ಲ ಮಾರಾಯ, ಲೈಸೆನ್ಸಿರೋ ಗರ್ನಾಲು" ಅಂತ ಅಪ್ಪನೇ ನಗುತ್ತಿದ್ದ. ನವರಾತ್ರಿಯಲ್ಲಿ ಮಾತ್ರ ಅದಕ್ಕೆ ಅಡಿಕೆ ಕತ್ತಿಯ ಪಕ್ಕದಲ್ಲಿ ಮಣೆ, ಕುಂಕುಮ, ಸೇವಂತಿಗೆ. ಹಿಂದಿನ ದಿನ ಜಗಲಿಯಲ್ಲಿ ಕೂತು ಗಜಕ್ಕೆ ಹಳೇ ಪಂಚೆಯ ಚಿಂದಿ ಸುತ್ತಿ ಕೊಬ್ಬರಿ ಎಣ್ಣೆ ಎಳೆಯುತ್ತಿದ್ದ. ಮದ್ದಿನ ಮಸಿ ಮತ್ತು ಕೊಬ್ಬರಿ ಎಣ್ಣೆ ಬೆರೆತ ಆ ವಾಸನೆ ನನಗೆ ದಸರೆಯ ವಾಸನೆ.

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ. ನೀತಿಸಂಹಿತೆ ಜಾರಿಯಾಗುತ್ತಲೇ ನೋಟೀಸು. ಅಪ್ಪ ಅದನ್ನು ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಲಗೇಜ್ ಜಗಳ ಆಡಿ, ಒಪ್ಪಿಸಿ, ಚೀಟಿ ತರುತ್ತಿದ್ದ. ವಿಧಾನಸಭೆ, ಲೋಕಸಭೆ, ಪಂಚಾಯ್ತಿ, ಒಂದಾದ ಮೇಲೊಂದು. ಮಂಗಗಳಿಗೆ ನೀತಿಸಂಹಿತೆ ಇಲ್ಲ. ಮತದಾರನ ಕೈಯಿಂದ ಗರ್ನಾಲು ಕಿತ್ತಿಟ್ಟುಕೊಂಡು ಕಾಪಾಡಿದ ಪ್ರಜಾಪ್ರಭುತ್ವದ ಬಗ್ಗೆ ನನ್ನದೇನೂ ತಕರಾರಿಲ್ಲ, ತೋಟದ್ದಿತ್ತು. 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆಗೆ ಕೊಟ್ಟದ್ದೇ ಕೊನೆ. ಬಿಡಿಸಿಕೊಂಡು ಬರುವ ಮೊದಲೇ ಅಪ್ಪ ಹಾಸಿಗೆ ಹಿಡಿದ. ಮಳೆಗಾಲದಲ್ಲಿ ಹೋದ.

ಈ ಹೋಲಿಕೆ ಮಾಡುವಾಗ ನನಗೆ ಸಂಕಟವೂ ಆಗುತ್ತದೆ. ಇಲ್ಲಿ ಅಂಗಡಿಯ ಕೌಂಟರಿನಲ್ಲಿ ಹಿನ್ನೆಲೆ ತಪಾಸಣೆ ಮುಗಿದರೆ ರೈಫಲ್ಲು ಕೈಗೆ. ಅಜ್ಜನ ಗರಾಜಿನಲ್ಲಿ ಕೂತ ಅದೇ ವಾರ ಮಗಳ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇತ್ತು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಅಂತ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ. "ನಂಗೆ ಸೀನು ಬಂದಿತ್ತು ಅಪ್ಪ, ತಡ್ಕೊಂಡೆ" ಅಂತ ಹೆಮ್ಮೆಯಿಂದ ಹೇಳಿದಳು. ಅವತ್ತು ರಾತ್ರಿ ನನಗೆ ನಮ್ಮ ಠಾಣೆಯ ಚೀಟಿ ಪದ್ಧತಿಯೇ ಎಷ್ಟೋ ವಾಸಿ ಅನ್ನಿಸಿದ್ದು ಸುಳ್ಳಲ್ಲ. ಬೆಳಿಗ್ಗೆಗೆ ಹಾಗನ್ನಿಸಲಿಲ್ಲ.

ತಮ್ಮನಿಗೆ ಫೋನು ಮಾಡಿದೆ. ಅಪ್ಪನ ಕೋವಿ ಏನಾಯ್ತು?

"ಅಲ್ಲೇ ಇದೆ. ವಾರಸುದಾರರ ಹೆಸರಿಗೆ ಲೈಸೆನ್ಸು ಆಗೋವರೆಗೆ ಕೊಡಲ್ಲ." ವಂಶವೃಕ್ಷ ತನ್ನಿ ಅಂದರಂತೆ, ತಂದ. ತರಬೇತಿ ಸರ್ಟಿಫಿಕೇಟು ತನ್ನಿ ಅಂದರು, ತಂದ. ಅಕ್ಕನ ಒಪ್ಪಿಗೆ ಪತ್ರವೂ ಆಯಿತು. ಆಮೇಲೆ ತುಸು ತಡೆದು ಹೇಳಿದ, "ಬಾಕಿ ಇರೋದು ನಿನ್ನದೊಂದೇ. ಕಾನ್ಸುಲೇಟಲ್ಲಿ ಸಹಿ ಮಾಡಿಸಿ ಕಳಿಸು ಅಂತ ಎರಡು ವರ್ಷದ ಹಿಂದೆ ಫಾರಂ ಕಳಿಸಿದ್ದೆನಲ್ಲ."

ಕಳಿಸಿದ್ದ. ಪ್ರಿಂಟೂ ತೆಗೆದಿದ್ದೆ. ನ್ಯೂಯಾರ್ಕ್ ನಗರಕ್ಕೆ ನಾಲ್ಕು ಗಂಟೆ ದಾರಿ, ರಜೆ ಹಾಕಬೇಕು, ಮುಂದಿನ ತಿಂಗಳು ನೋಡೋಣ. ಇಷ್ಟು ದಿನ ಊರಿಗೆ ಫೋನು ಮಾಡಿದಾಗಲೆಲ್ಲ ನಮ್ಮ ಸರ್ಕಾರಿ ಕಚೇರಿಗಳನ್ನು ನಾನು ಆಡಿಕೊಂಡಿದ್ದಕ್ಕೆ ತಮ್ಮ ಒಮ್ಮೆಯೂ ಎದುರು ಮಾತಾಡಿರಲಿಲ್ಲ. ಮಗಳಿಗೆ ಬೆಲೆ ಹೇಳುವುದು ತಪ್ಪಿಸಿಕೊಂಡೆ.

ಸೀಸನ್ನಿಗೆ ಹತ್ತು ದಿನ ಇರುವಾಗ ಅಜ್ಜ ಕೂಗಿದ. ಒಂಬೈನೂರ ಎಂಬತ್ತಕ್ಕೆ ಇಳಿಸಿ ತಂದಿದ್ದ. ಬೆಂಚಿನ ಮೇಲೆ ಹಳೇ ಟವೆಲು ಹಾಸಿ ಮಲಗಿಸಿದ್ದ. ಬೋಲ್ಟು ಹೊರಗೆಳೆದು ಮೊಮ್ಮಗಳ ಎಡಗೈಗೆ ಕೊಟ್ಟ. ನನ್ನ ಮಗಳು ಬಗ್ಗಿ ಹಲ್ಲುಗಳನ್ನು ಎಣಿಸಿದಳು, ಕನ್ನಡದಲ್ಲೇ, ಒಂಬತ್ತರವರೆಗೆ. ಅಜ್ಜ ಕನ್ನಡಕ ಹಣೆಗೇರಿಸಿ, ಟಾರ್ಚು ಹಿಡಿದು ನಳಿಗೆಯ ಬುಡದಲ್ಲಿ ಕೆತ್ತಿದ ಎರಡು ಪುಟ್ಟ ಅಕ್ಷರ ಹುಡುಕಿದ. ಅದು ಕಾರ್ಖಾನೆಯವರ ಗುಪ್ತಲಿಪಿ. ಮೊದಲನೆಯದು ತಿಂಗಳು, ಎರಡನೆಯದು ವರ್ಷ. ತಿಂಗಳ ಅಕ್ಷರಗಳನ್ನು ಸಾಲಾಗಿಟ್ಟರೆ 'ಬ್ಲ್ಯಾಕ್ ಪೌಡರ್', ಅಂದರೆ ಕರಿಮದ್ದು. ಕೊನೆಗೊಂದು ಎಕ್ಸ್ ಸೇರಿ ಹನ್ನೆರಡು. ಇದರಲ್ಲಿದ್ದದ್ದು ಆರ್, ನವೆಂಬರ್.

"1974ರದ್ದು," ಅಂದ. "ಆಗ ನಾನು ರಾತ್ರಿ ಪಾಳಿಯಲ್ಲಿದ್ದೆ." ಮತ್ತೇನೂ ಹೇಳಲಿಲ್ಲ. ಹೆಬ್ಬೆರಳಿನಿಂದ ಆ ಜಾಗ ಒರೆಸಿದ.

ತಮ್ಮ ಠಾಣೆಗೆ ಹೋಗಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ. ಗೋಡೆಗೆ ಒರಗಿಸಿದ ಹತ್ತಾರು ಕೋವಿಗಳ ನಡುವೆ ಅಪ್ಪನದು, ಕುದುರೆಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಶಾಯಿ ಹರಡಿ ಅಪ್ಪನ ಹೆಸರು ಅರ್ಧ ಅಳಿಸಿತ್ತು. ಅಜ್ಜನಿಗೆ ತೋರಿಸಿದೆ. ಬೆಲೆಯ ಮಾತೇ ಎತ್ತಲಿಲ್ಲ ಅವನು. ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ನಳಿಗೆಯ ಉದ್ದಕ್ಕೂ ಸರಿಸಿ ನೋಡಿದ. ಕೆಂಪಗಾದ ಜಾಗದಲ್ಲಿ ನಿಂತ.

"ನಿಮ್ಮಲ್ಲಿ ಮಳೆ ಜಾಸ್ತಿ ಅಂದಿದ್ದೆ ಅಲ್ವಾ? ಅಲ್ಲಿ ಇದಕ್ಕೆ ಎಣ್ಣೆ ಹಚ್ಚೋರು ಯಾರು?"

ನಾನು ಸುಮ್ಮನಿದ್ದೆ. ಅಜ್ಜ ಶೆಲ್ಫಿನಿಂದ ರೆಮಿಂಗ್ಟನ್ ಎಣ್ಣೆಯ ಒಂದು ಡಬ್ಬಿ ತೆಗೆದು ಕೈಗಿಟ್ಟ. ಊರಿಗೆ ಹೋಗುವಾಗ ತಗೊಂಡು ಹೋಗು ಅಂದ. ಇದನ್ನು ವಿಮಾನದಲ್ಲಿ ಬಿಡುವುದಿಲ್ಲ ಅಂತ ಹೇಳುವ ಮನಸ್ಸಾಗಲಿಲ್ಲ. ತಂದು ಮೇಜಿನ ಡ್ರಾಯರಿನಲ್ಲಿಟ್ಟೆ. ಸಹಿ ಮಾಡದ ಫಾರಮ್ಮೂ ಅಲ್ಲೇ ಇತ್ತು, ಅದನ್ನು ಮಾತ್ರ ಹೊರಗೆ ತೆಗೆದೆ. ಕಾನ್ಸುಲೇಟಿನ ಅಪಾಯಿಂಟ್‌ಮೆಂಟು ಬರುವ ಮಂಗಳವಾರಕ್ಕೆ ಸಿಕ್ಕಿದೆ, ಹತ್ತೂವರೆಗೆ.