ಮೂರು ಸುಳ್ಳಿನ ಪ್ರತಿಮೆಯ ಕಾಲು ಮುಟ್ಟಿದ್ದು

ಬಾಸ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಾರ್ವರ್ಡ್ ನೋಡಬೇಕು ಅನ್ನುವ ಆಸೆ ನನಗೇನೂ ಇರಲಿಲ್ಲ. ಮಾನಸಗಂಗೋತ್ರಿಯಲ್ಲಿ ಓದಿದವಳಿಗೆ ಇನ್ನೊಂದು ಕ್ಯಾಂಪಸ್ಸಿನಲ್ಲಿ ನೋಡೋದೇನಿದೆ, ಅಲ್ವಾ? ಆದರೆ ಅಳಿಯ ಬಿಡಲಿಲ್ಲ. "ಅತ್ತೆ, ಅಲ್ಲೊಂದು ಪ್ರತಿಮೆ ಇದೆ. ಅದರ ಕೆಳಗೆ ಕೆತ್ತಿರುವ ಮೂರೂ ಮಾತು ಸುಳ್ಳು" ಅಂದರು. ಮೊಮ್ಮಗನ ಕಿವಿ ನೆಟ್ಟಗಾಯಿತು. ಅವನಿಗೆ ಒಂಬತ್ತು ವರ್ಷ. ಪುಟ್ಟ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ‘ನಿಜ’, ಇನ್ನೊಂದು ಕಡೆ ‘ಸುಳ್ಳು’ ಅಂತ ಬರೆದುಕೊಂಡ. ಭಾನುವಾರದ ಕನ್ನಡ ಕ್ಲಾಸಿನ ಪುಣ್ಯ, ‘ಳ’ಗೆ ಒತ್ತು ಸರಿಯಾಗಿಯೇ ಬಿದ್ದಿತ್ತು.

ರೆಡ್ ಲೈನ್ ರೈಲು ಚಾರ್ಲ್ಸ್ ನದಿ ದಾಟುವಾಗ ನೆಲದ ಮೇಲೆ ಬರುತ್ತದೆ. ನೀರಿನ ಮೇಲೆ ಹಾಯಿದೋಣಿಗಳು. ಮತ್ತೆ ಸುರಂಗ. ಹಾರ್ವರ್ಡ್ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತಿ ರಸ್ತೆ ದಾಟಿದರೆ ಕೆಂಪು ಇಟ್ಟಿಗೆಯ ಗೋಡೆ, ಕಬ್ಬಿಣದ ಗೇಟು. ಒಳಗಿನ ಹಸಿರು ಅಂಗಳಕ್ಕೆ ‘ಯಾರ್ಡ್’ ಅಂತಾರೆ. ಜೂನ್ ತಿಂಗಳು. ಪದವಿ ಪ್ರದಾನ ಮುಗಿದು ಕೆಲವು ದಿನ ಆಗಿತ್ತಷ್ಟೆ, ಹುಲ್ಲು ತುಳಿದು ತುಳಿದು ಬೋಳಾಗಿತ್ತು. ಮರದ ಕೆಳಗೆ ಬಣ್ಣಬಣ್ಣದ ಕುರ್ಚಿಗಳು. ಗಂಗೋತ್ರಿಯ ನೆರಳಿಗೆ ಸಾಟಿ ಇಲ್ಲ ಬಿಡಿ. ಆದರೂ ಕೂತರೆ ಏಳೋಕೆ ಮನಸ್ಸಾಗದ ಜಾಗ.

ಗೇಟಿನ ಪಕ್ಕದ್ದೇ ಮ್ಯಾಸಚೂಸೆಟ್ಸ್ ಹಾಲ್. 1720ರ ಕಟ್ಟಡ, ಇಲ್ಲಿ ಈಗ ಉಳಿದಿರುವುದರಲ್ಲಿ ಇದೇ ಹಳೆಯದು. ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿ ಇರುವುದೂ ಇಲ್ಲೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸಮಯದಲ್ಲಿ ಜಾರ್ಜ್ ವಾಷಿಂಗ್ಟನ್‌ನ ಸೈನಿಕರು 600ಕ್ಕೂ ಹೆಚ್ಚು ಜನ ಇದರೊಳಗೆ ತುಂಬಿಕೊಂಡಿದ್ದರಂತೆ. ಈ ಪುಟ್ಟ ಕಟ್ಟಡದಲ್ಲಿ ಅಷ್ಟು ಜನ ಹೇಗೆ ಮಲಗಿದರೋ! "ನಿಜ" ಅಂದಳು ಮಗಳು. ಮೊದಲ ಗೀಟು ‘ನಿಜ’ದ ಕಡೆ ಬಿತ್ತು.

ಸ್ವಲ್ಪ ಮುಂದೆ ಪ್ರತಿಮೆ. ಎತ್ತರದ ಪೀಠದ ಮೇಲೆ ಕುರ್ಚಿಯಲ್ಲಿ ಕೂತ ಯುವಕ, ತೊಡೆಯ ಮೇಲೆ ತೆರೆದ ಪುಸ್ತಕ. ಮೈಯೆಲ್ಲ ಕಂದುಗಪ್ಪು. ಎಡಗಾಲಿನ ಬೂಟಿನ ತುದಿ ಮಾತ್ರ ಈಗ ತಾನೇ ಹುಣಸೆಹಣ್ಣು ಹಾಕಿ ಉಜ್ಜಿದ ದೀಪದ ಕಂಬದ ಹಾಗೆ ಫಳಫಳ. ಮುಟ್ಟಿದರೆ ಅದೃಷ್ಟವಂತೆ. ಕ್ಯೂನಲ್ಲಿ ನಿಂತ ಜನ ಒಬ್ಬೊಬ್ಬರಾಗಿ ಕೈ ಎತ್ತಿ ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂತು. ನಾನೂ ಮುಟ್ಟಿದೆ. ಕಾಲು ಮುಟ್ಟಿದ ಮೇಲೆ ಕೈ ಸುಮ್ನೆ ಇರುತ್ತದೆಯೇ? ತಾನಾಗಿಯೇ ಹೋಗಿ ಎರಡೂ ಕಣ್ಣಿಗೆ ಒತ್ತಿಕೊಂಡಿತು.

ಅಳಿಯ ಕೆಮ್ಮಿದರು. "ಅತ್ತೆ, ಇದಕ್ಕೆ ರಾತ್ರಿ ಹೊತ್ತು ಹುಡುಗರು ಬಂದು ಅಭಿಷೇಕ ಮಾಡ್ತಾರೆ."

"ಯಾವುದರಿಂದ?"

ಯಾರೂ ಮಾತಾಡಲಿಲ್ಲ. ಮಗಳು ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದಳು. ಪದವಿ ಮುಗಿಯುವುದರೊಳಗೆ ಈ ಕೆಲಸ ಮಾಡಬೇಕು ಅನ್ನುವುದು ಅಲ್ಲಿನ ಹುಡುಗರ ಹಳೇ ಸಂಪ್ರದಾಯವಂತೆ. ಕೈಗೇನೋ ಹಚ್ಚಿಕೊಂಡೆ. ಕಣ್ಣಿಗೆ ಏನು ಹಚ್ಚೋದು?

ಇನ್ನು ಸುಳ್ಳಿನ ವಿಷಯ. ಪೀಠದ ಮೇಲೆ ಕೆತ್ತಿರುವುದು ಇಷ್ಟೇ: ಜಾನ್ ಹಾರ್ವರ್ಡ್, ಸ್ಥಾಪಕ, 1638. ಕೂತಿರುವವನು ಜಾನ್ ಹಾರ್ವರ್ಡ್ ಅಲ್ಲ. ಆತನ ಒಂದು ಚಿತ್ರವೂ ಉಳಿದಿಲ್ಲ. 1884ರಲ್ಲಿ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಈ ಮುಖ ಮಾಡಿದರು. ವಾಷಿಂಗ್ಟನ್ನಿನಲ್ಲಿ ಕುರ್ಚಿಯ ಮೇಲೆ ಕೂತಿರುವ ದೊಡ್ಡ ಲಿಂಕನ್ ಇದ್ದಾರಲ್ಲ, ಅದನ್ನು ಮಾಡಿದ್ದೂ ಇವರೇ. ಎರಡನೆಯದು, ಜಾನ್ ಹಾರ್ವರ್ಡ್ ಸ್ಥಾಪಕನೂ ಅಲ್ಲ. ಕಾಲೇಜು ಶುರುವಾದದ್ದು ಆಗ ಇಂಗ್ಲಿಷರ ವಸಾಹತಾಗಿದ್ದ ಮ್ಯಾಸಚೂಸೆಟ್ಸಿನ ಶಾಸನ ಸಭೆಯ ತೀರ್ಮಾನದಿಂದ. ಮೂರನೆಯದು, ಅದು 1638 ಅಲ್ಲ, 1636. 1638 ಆತ ತೀರಿಕೊಂಡ ವರ್ಷ. ಕ್ಷಯ ರೋಗ, ವಯಸ್ಸು ಬರೀ 30. ಸಾಯುವಾಗ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಕಾಲೇಜಿಗೆ ಬಿಟ್ಟುಹೋದ. ಅದಕ್ಕೇ ಆ ಹೆಸರು.

ತಮಾಷೆ ಅಂದರೆ ಈ ವಿಶ್ವವಿದ್ಯಾಲಯದ ಲಾಂಛನದ ಮೇಲಿರುವ ಮಾತು ‘ವೆರಿಟಾಸ್’. ಲ್ಯಾಟಿನ್ನಿನಲ್ಲಿ ಸತ್ಯ ಅಂತ ಅರ್ಥ. ಮೊಮ್ಮಗನಿಗೆ ಒಂದೇ ಏಟಿಗೆ ಮೂರು ಗೀಟು ಸಿಕ್ಕಿದ ಖುಷಿ.

ಆ 400 ಪುಸ್ತಕ ಎಲ್ಲಿ ಅಂತ ನಾನು ಕೇಳಿದೆ. ಮೇಷ್ಟ್ರಾಗಿದ್ದವಳ ಚಾಳಿ. 1764ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಸಿಡುಬು. ಹೆದರಿದ ಶಾಸನ ಸಭೆ ಇಲ್ಲಿಗೆ ಬಂದು ಹಾರ್ವರ್ಡ್ ಹಾಲ್‌ನಲ್ಲಿ ಕೂತಿತ್ತು. ಒಂದು ರಾತ್ರಿ ಕಟ್ಟಡಕ್ಕೆ ಬೆಂಕಿ ಬಿದ್ದು ಗ್ರಂಥಾಲಯವೇ ಸುಟ್ಟುಹೋಯಿತು. ಜಾನ್ ಹಾರ್ವರ್ಡ್ ಕೊಟ್ಟ ಪುಸ್ತಕಗಳಲ್ಲಿ ಉಳಿದದ್ದು ಒಂದೇ ಒಂದು. ಯಾರೋ ತೆಗೆದುಕೊಂಡು ಹೋಗಿದ್ದವರು ವಾಪಸ್ ಕೊಟ್ಟಿರಲಿಲ್ಲ! ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಾಗ ತಡ ಮಾಡಿದ ಎಷ್ಟು ಮಕ್ಕಳನ್ನು ಬೈದಿದ್ದೇನೋ. ಸುಡದೆ ಉಳಿದ ಆ ಪುಸ್ತಕವನ್ನು ವಾಪಸ್ ತಂದ ಹುಡುಗನಿಗೆ ಥ್ಯಾಂಕ್ಸ್ ಹೇಳಿ, ಕದ್ದು ಒಯ್ದಿದ್ದಕ್ಕೆ ಕಾಲೇಜಿನಿಂದ ಹೊರಗೆ ಹಾಕಿದರು ಅಂತಲೂ ಒಂದು ಕಥೆ ಇದೆ. ಬೆಂಕಿ ನಿಜ, ಹೊರಗೆ ಹಾಕಿದ್ದು ಕಟ್ಟುಕಥೆ.

ಪ್ರತಿಮೆಯ ಹಿಂದಿನ ಕಟ್ಟಡ ಬಳಸಿ ಹೋದರೆ ದೊಡ್ಡ ಮೈದಾನ. ಅದರ ಒಂದು ತುದಿಗೆ ಚರ್ಚು, ಎದುರು ತುದಿಗೆ ವೈಡನರ್ ಗ್ರಂಥಾಲಯ. ಒಳಗೆ ಹೋಗಲು ಅಲ್ಲಿನ ಗುರುತಿನ ಚೀಟಿ ಬೇಕು. ನಾವು ಮೆಟ್ಟಿಲ ಮೇಲೆ ಕೂತೆವು. ಎಂಥಾ ಮೆಟ್ಟಿಲು ಅಂತೀರಿ! ನನ್ನ ಮಂಡಿ ಅರ್ಧಕ್ಕೇ ಸಾಕು ಅಂದಿತು. ಅಲ್ಲೇ ಕೂತು ಮಗಳು ಕಥೆ ಹೇಳಿದಳು.

ಹ್ಯಾರಿ ವೈಡನರ್ ಇಲ್ಲಿ 1907ರಲ್ಲಿ ಪದವಿ ಪಡೆದ ಹುಡುಗ. ಹಳೇ ಪುಸ್ತಕಗಳ ಹುಚ್ಚು. 1912ರಲ್ಲಿ ಪುಸ್ತಕ ಕೊಳ್ಳಲು ಲಂಡನ್ನಿಗೆ ಹೋಗಿ, ಅಪ್ಪ ಅಮ್ಮನ ಜೊತೆ ವಾಪಸ್ ಹೊರಟದ್ದು ಟೈಟಾನಿಕ್‌ನಲ್ಲಿ. ಅಮ್ಮ ದೋಣಿ ಹತ್ತಿ ಬದುಕಿದಳು. ಗಂಡ, ಮಗ ಇಬ್ಬರೂ ಹೋದರು. ಹ್ಯಾರಿಗೆ ಆಗ 27. ಆ ತಾಯಿ ಎಲಿನಾರ್ ಕಟ್ಟಿಸಿದ್ದು ಈ ಗ್ರಂಥಾಲಯ, 1915ರಲ್ಲಿ ತೆರೆಯಿತು. ಒಳಗೆ ಮಗನ ಪುಸ್ತಕಗಳಿಗಾಗಿಯೇ ಒಂದು ಕೋಣೆ. ಅಲ್ಲಿ ಅವನ ಭಾವಚಿತ್ರದ ಹತ್ತಿರ ತಾಜಾ ಹೂವು ಇಡುವ ಪದ್ಧತಿ.

ಮುಂದಿನದು ಜನ ಕಟ್ಟಿದ್ದು. ಮಗನಿಗೆ ಈಜು ಬಂದಿದ್ದರೆ ಉಳಿಯುತ್ತಿದ್ದ, ಹಾಗಾಗಿ ಇಲ್ಲಿ ಓದುವವರೆಲ್ಲ ಈಜು ಪರೀಕ್ಷೆ ಪಾಸಾಗಬೇಕು ಅಂತ ತಾಯಿ ಷರತ್ತು ಹಾಕಿದಳಂತೆ. ಮಗನಿಗೆ ಇಷ್ಟ ಅಂತ ಊಟದ ಹಾಲ್‌ನಲ್ಲಿ ದಿನಾ ಐಸ್‌ಕ್ರೀಮ್ ಕೊಡಬೇಕು ಅಂತಲೂ ಹೇಳಿದಳಂತೆ. ಎರಡೂ ಸುಳ್ಳು. ಆ ಮಂಜುಗಡ್ಡೆಯಂಥ ನೀರಿನಲ್ಲಿ ಈಜು ಬಂದು ಏನು ಮಾಡಬೇಕಿತ್ತು! ಐಸ್‌ಕ್ರೀಮ್ ಸುಳ್ಳು ಅಂದಾಗ ಮೊಮ್ಮಗ ಗೀಟು ಹಾಕಲು ಸ್ವಲ್ಪ ತಡ ಮಾಡಿದ.

ನನಗೆ ಆ ಹೂವಿನ ವಿಷಯ ಮನಸ್ಸಿನಿಂದ ಹೋಗಲಿಲ್ಲ. ಮಗನ ಫೋಟೊ ಮುಂದೆ ಹೂ ಇಡುವ ತಾಯಂದಿರನ್ನು ನಾನೂ ಕಂಡಿದ್ದೇನೆ.

ಈ ಮೈದಾನದಲ್ಲೇ ಪದವಿ ಪ್ರದಾನ ನಡೆಯುವುದು. ಮಿಡ್ಲ್‌ಸೆಕ್ಸ್ ಕೌಂಟಿಯ ಶೆರಿಫ್, ಅಂದರೆ ನಮ್ಮ ಕಡೆಯ ಪೊಲೀಸ್ ಅಧಿಕಾರಿಯಂಥವರು, ಬಂದು ವೇದಿಕೆಗೆ ಬಡಿದು ಸದ್ದು ಮಾಡಿ, ಸಭೆ ಶುರು ಅಂತ ಕೂಗಬೇಕು. ಹಿಂದೆ ಆ ದಿನ ಕುಡಿದು ಗಲಾಟೆ ಮಾಡುವವರು ಜಾಸ್ತಿ ಇದ್ದರು, ಅವರನ್ನು ಹದ್ದುಬಸ್ತಿನಲ್ಲಿಡಲು ಬಂದವನು ಹಾಗೇ ಉಳಿದುಕೊಂಡ. ಅಧ್ಯಕ್ಷರು ಅವತ್ತು ಕೂರುವುದು ಮೂರೇ ಕಾಲಿನ ಹಳೇ ಮರದ ಕುರ್ಚಿಯಲ್ಲಿ. ಹೋಲ್ಯೋಕ್ ಅನ್ನುವ ಅಧ್ಯಕ್ಷರು 18ನೇ ಶತಮಾನದಲ್ಲಿ ತಂದದ್ದು. ನಾನೂ ಬಿಟ್ಟುಕೊಡಲಿಲ್ಲ. 1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ, ಮಹಾರಾಜ ಕಾಲೇಜಿನ ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳೆದರು ಅಂತ ಹೇಳಿದೆ. "ನಿಜಾನಾ ಅಜ್ಜಿ?" ನಿಜ. ಆದರೆ ಇಲ್ಲಿಯದಲ್ಲ ಅಂತ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಸಂಪ್ರದಾಯ ಮಗಳು ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು. ಪರೀಕ್ಷೆ ಶುರುವಾಗುವ ಹಿಂದಿನ ಮಧ್ಯರಾತ್ರಿ ಹುಡುಗ ಹುಡುಗಿಯರು ಮೈಮೇಲೆ ಬಟ್ಟೆ ಇಲ್ಲದೆ ಯಾರ್ಡಿನ ಸುತ್ತ ಓಡುತ್ತಾರೆ. ಡಿಸೆಂಬರ್ ಚಳಿಯಲ್ಲೂ! ಇದು ನೋಟ್‌ಬುಕ್ಕಿಗೆ ಹೋಗಲಿಲ್ಲ.

ಗ್ರಂಥಾಲಯದ ಪಕ್ಕದಲ್ಲಿ ಬೆನ್ನ ಮೇಲೆ ಎತ್ತರದ ಕಲ್ಲಿನ ಶಾಸನ ಹೊತ್ತ ಆಮೆ ನಿಂತಿದೆ. ಇಲ್ಲಿ ಓದಿದ ಚೀನೀಯರು 1936ರಲ್ಲಿ, ಹಾರ್ವರ್ಡ್‌ಗೆ 300 ತುಂಬಿದಾಗ ಕೊಟ್ಟ ಕಾಣಿಕೆ. ಮಳೆಗೆ ಅಕ್ಷರ ಸವೆದಿವೆ. ಇದರ ಹತ್ತಿರ ಕ್ಯೂ ಇರಲಿಲ್ಲ. ನನಗೆ ಬೂಟಿಗಿಂತ ಇದೇ ಹಿಡಿಸಿತು.

ಅಲ್ಲಿಂದ ರಸ್ತೆಯ ಕಡೆ ಬಂದರೆ ಹಳದಿ ಬಣ್ಣದ ಮರದ ಮನೆ, ವಾಡ್ಸ್‌ವರ್ತ್ ಹೌಸ್. ಮೊದಲಿಗೆ ಅಧ್ಯಕ್ಷರ ಮನೆಯಾಗಿತ್ತು. ಗೋಡೆಯ ಮೇಲಿನ ಫಲಕದಲ್ಲಿ ನಾಲ್ಕು ಹೆಸರು: ಟೈಟಸ್, ವೀನಸ್, ಬಿಲ್ಹಾ, ಜೂಬಾ. ವಾಡ್ಸ್‌ವರ್ತ್ ಮತ್ತು ಹೋಲ್ಯೋಕ್ ಇಬ್ಬರ ಕಾಲದಲ್ಲಿ ಈ ಮನೆಯಲ್ಲಿ ದುಡಿದ ಗುಲಾಮರು. ಅದೇ ಹೋಲ್ಯೋಕ್, ಕುರ್ಚಿಯ ಹೋಲ್ಯೋಕ್. ಕುರ್ಚಿಗೆ ವರ್ಷಾ ವರ್ಷ ಮರ್ಯಾದೆ ಸಿಕ್ಕಿತು. ಈ ಫಲಕ ಗೋಡೆಗೆ ಬಂದದ್ದು 2016ರಲ್ಲಿ. ನಾವು ನಿಂತಿದ್ದಷ್ಟು ಹೊತ್ತೂ ಬೇರೆ ಯಾರೂ ಓದಲಿಲ್ಲ. ಮೊಮ್ಮಗ ಗೀಟು ಹಾಕದೆ ನಾಲ್ಕೂ ಹೆಸರನ್ನು ‘ನಿಜ’ದ ಕೆಳಗೆ ಪೂರ್ತಿ ಬರೆದುಕೊಂಡ. ನಾನು ಹೇಳಿಕೊಟ್ಟದ್ದಲ್ಲ.

ರಸ್ತೆಯ ಆಚೆ ಪುಸ್ತಕದಂಗಡಿ. ಕಾಲಿಗೆ ವಿಶ್ರಾಂತಿ ಸಿಗಲಿ ಅಂತ ಒಳಗೆ ಹೋದೆವು. ಒಂದು ಕಪಾಟಿನಲ್ಲಿ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳ ಸಾಲು. ಇನ್ಫೋಸಿಸ್ ನಾರಾಯಣಮೂರ್ತಿಯವರ ಮಗ ರೋಹನ್ ಇಲ್ಲಿ ಓದುತ್ತಿದ್ದಾಗ ದೊಡ್ಡ ಮೊತ್ತ ಕೊಟ್ಟು ಶುರು ಮಾಡಿಸಿದ ಮಾಲೆ, ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತರುತ್ತದೆ. ಒಂದನ್ನು ಸುಮ್ನೆ ತೆಗೆದೆ. ರಾಘವಾಂಕನ ಹರಿಶ್ಚಂದ್ರ! ಎಡಪುಟದಲ್ಲಿ ಕನ್ನಡ ಷಟ್ಪದಿ, ಬಲಪುಟದಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ. ಹಂಪಿಯ ಕವಿ ಈ ಊರಿನ ಅಂಗಡಿಯಲ್ಲಿ ಕೂತಿದ್ದಾನೆ. ಚಂದ್ರಮತಿಯ ಪ್ರಲಾಪ ಹುಡುಕಿ ಎರಡು ಪದ್ಯ ಗಟ್ಟಿಯಾಗಿಯೇ ಓದಿದೆ. ಅಂಗಡಿಯ ಹುಡುಗಿ ತಿರುಗಿ ನೋಡಿ ನಕ್ಕಳು.

ಬೆಲೆ ನೋಡಿ, ನಮ್ಮ ದೇಶದಲ್ಲಿ ಕಡಿಮೆ ಬೆಲೆಯ ಪ್ರತಿ ಸಿಗುತ್ತದೆ ಅಂತ ಹಾಗೇ ಇಟ್ಟುಬಂದೆ.

ರೈಲಿನಲ್ಲಿ ಮೊಮ್ಮಗ ಲೆಕ್ಕ ಒಪ್ಪಿಸಿದ. ನಿಜ ಏಳು, ಸುಳ್ಳು ಆರು. "ಅಜ್ಜಿ, ಆ ಪುಸ್ತಕದಲ್ಲಿದ್ದ ರಾಜ ಯಾರು?"

"ಹರಿಶ್ಚಂದ್ರ. ಹೆಂಡತಿ, ಮಗನನ್ನೇ ಮಾರಬೇಕಾಗಿ ಬಂದರೂ ಒಂದು ಸುಳ್ಳು ಹೇಳಲಿಲ್ಲ."

ಅವನು ಪೆನ್ಸಿಲ್ ಹಿಡಿದು ನನ್ನನ್ನೇ ನೋಡಿದ. "ಇದನ್ನ ಯಾವ ಕಡೆ ಹಾಕಲಿ?"

"ಮೊದಲು ಮನೆಗೆ ಹೋಗಿ ಕಣ್ಣು ತೊಳೆದುಕೊಳ್ತೀನಿ, ಆಮೇಲೆ ಹೇಳ್ತೀನಿ" ಅಂದೆ.