ಮಾಲ್ ನಕ್ಷೆ ಬೇಸ್‌ಮೆಂಟಿನಿಂದ ಮೇಲಕ್ಕೆ

ಮುಂಬೈ, ಪುಣೆಯ ದೊಡ್ಡ ಮಾಲ್‌ಗಳಲ್ಲಿ ಕಂಬದಿಂದ ಕಂಬಕ್ಕೆ ಎಷ್ಟು ಅಂತರ ಎನ್ನುವುದು ಸಾಮಾನ್ಯವಾಗಿ ಅಂಗಡಿಯವರ ಕೈಯಲ್ಲಿಲ್ಲ, ಕೆಳಗೆ ನಿಲ್ಲುವ ಕಾರಿನ ಕೈಯಲ್ಲಿದೆ. ಕಾರೊಂದಕ್ಕೆ 2.5 ಮೀಟರ್ ಅಗಲ, ಮೂರಕ್ಕೆ 7.5, ಕಂಬದ ದಪ್ಪ 0.9 ಕೂಡಿಸಿದರೆ 8.4. ಮೇಲಿನ ಮಹಡಿಯಲ್ಲಿ ಅದೇ ಜಾಗ ಒಂದು ಅಗಲದ ಅಂಗಡಿಯೂ ಆಗುತ್ತದೆ, 4.2ರ ಎರಡೂ ಆಗುತ್ತವೆ. ಕಂಬದ ಸಾಲು ಕಾರುಗಳ ಸಂದಿಯಲ್ಲಿ, ದಾರಿಯ ಅಂಚಿಗೆ ಬರಬೇಕು. ಒಂದೆರಡು ಮೀಟರ್ ಸರಿದರೂ ಕಂಬ ಕಾರು ಓಡಾಡುವ ದಾರಿಗೇ ಬಂದು ನಿಲ್ಲುತ್ತದೆ. ಆಮೇಲೆ ಏಟ್ರಿಯಂ (ಮಾಲಿನ ನಡುವಿನ ತೆರೆದ ಅಂಗಳ) ಚೆನ್ನಾಗಿ ಕಾಣಲೆಂದು ಮೇಲೆ ಕಂಬ ಸರಿಸಿದರೆ ಭಾರ ಹೊರಲು ಆಳೆತ್ತರದ ಬೀಮ್ ಬೇಕು, ಅದರಡಿಯ ಸೀಲಿಂಗ್ ತಗ್ಗುತ್ತದೆ.

ಬೇಸ್‌ಮೆಂಟಿನ ನಿಜವಾದ ಶತ್ರು ನೀರು. ಮುಂಬೈಯ ಮಣ್ಣು ತುಂಬಿಸಿದ ನೆಲದಲ್ಲಿ ತಳದ ರಾಫ್ಟ್ (ಕಟ್ಟಡ ಕೂರುವ ದಪ್ಪ ಕಾಂಕ್ರೀಟ್ ಹಾಸು) 8 ಮೀಟರ್ ಆಳಕ್ಕಿದ್ದು, ಮಳೆಗಾಲದಲ್ಲಿ ಅಂತರ್ಜಲ 2 ಮೀಟರಿಗೆ ಏರಿದರೆ ಪ್ರತಿ ಚದರ ಮೀಟರಿಗೆ ಸುಮಾರು 6 ಟನ್ ಒತ್ತಡ ಕೆಳಗಿನಿಂದ ಮೇಲಕ್ಕೆ. ಮೇಲಿನ ಮಹಡಿಗಳ ಭಾರ ಕೂರುವ ಮೊದಲೇ ಡೀಸೆಲ್ ಉಳಿಸಲು ಅಂತರ್ಜಲ ಎತ್ತುವ ಪಂಪ್ ನಿಲ್ಲಿಸಿದರೆ ರಾಫ್ಟ್ ಉಬ್ಬಿ ಬಿರಿಯುತ್ತದೆ. ಇಷ್ಟು ದುಬಾರಿ ಉಳಿತಾಯ ಬೇರೆ ಇರಲಿಕ್ಕಿಲ್ಲ! ಪುಣೆಯದು ಕರಿಬಂಡೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಬಂಡೆಯ ಬಿರುಕುಗಳಲ್ಲಿ ಇಳಿದ ನೀರಿಗೆ ಅಗೆದ ಗುಂಡಿಯೇ ಬಾವಿ. ರ‍್ಯಾಂಪ್ ರಸ್ತೆಯ ಮಟ್ಟದಿಂದ ನೇರ ಇಳಿಯಬಾರದು, ಮೊದಲು ಒಂದು ಉಬ್ಬು ಏರಿ ನಂತರ ಇಳಿಯಬೇಕು. ಜನರೇಟರ್, ಎಚ್‌ಟಿ (ಹೈ ಟೆನ್ಶನ್ ವಿದ್ಯುತ್) ಪ್ಯಾನೆಲ್‌ಗಳು ನೆಲಮಟ್ಟಕ್ಕಿಂತ ಮೇಲೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಊರು ಮುಂಬೈ.

ಫುಡ್ ಕೋರ್ಟಿನಲ್ಲಿ ಕೌಂಟರ್ ಹಿಡಿಯಲು ಹೊರಟ ನಮ್ಮ ಉಡುಪಿ, ಕುಂದಾಪುರದ ಹೋಟೆಲಿನವರು ಬಾಡಿಗೆಗಿಂತ ಮೊದಲು ಡ್ರೈನೇಜ್ ನಕ್ಷೆ ಕೇಳಬೇಕು. ಫುಡ್ ಕೋರ್ಟ್ ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ, ಅದರಡಿ ಯಾರದೋ ಬಟ್ಟೆ ಅಂಗಡಿ. ಅಡುಗೆಮನೆಯಿಂದ ಶಾಫ್ಟಿಗೆ (ಪೈಪುಗಳು ಕೆಳಗಿಳಿಯುವ ಕಿಂಡಿ) 12 ಮೀಟರ್ ದೂರವಿದ್ದು, ಪೈಪಿಗೆ 60ಕ್ಕೆ 1ರ ಇಳಿಜಾರು ಕೊಟ್ಟರೆ 200 ಮಿ.ಮೀ. ಇಳಿಯಬೇಕು, ಪೈಪಿನ ದಪ್ಪವೇ 110. ಅಲ್ಲಿಗೆ 310 ಆಯಿತು, ಪೈಪಿಗೆಂದು ಸ್ಲ್ಯಾಬ್ ತಗ್ಗಿಸಿರುವುದು 300 ಆದರೆ? ಗುತ್ತಿಗೆದಾರ ಇಳಿಜಾರನ್ನೇ ಕಡಿಮೆ ಮಾಡುತ್ತಾನೆ. ದೋಸೆಹಿಟ್ಟು, ಎಣ್ಣೆ ಒಳಗೇ ಕೂತು ಗಟ್ಟಿಯಾಗುತ್ತವೆ, ಕೆಲವೇ ತಿಂಗಳಲ್ಲಿ ನೀರು ಹಿಂದಕ್ಕೆ ಉಕ್ಕುತ್ತದೆ. ಗ್ರೀಸ್ ಟ್ರ್ಯಾಪ್ (ಜಿಡ್ಡು ಹಿಡಿಯುವ ಪೆಟ್ಟಿಗೆ) ಸಿಂಕಿನ ಬುಡದಲ್ಲೇ ಇರಲಿ, ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಟೈಲ್ಸ್ ಹಾಕುವ ಮೊದಲು 48 ಗಂಟೆಯಾದರೂ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ.

ಹೊಗೆಯದೂ ಹೀಗೆಯೇ. ಕಾವಲಿಯ ಮೇಲಿನ ಹುಡ್ ಎಳೆಯುವ ಗಾಳಿಯಲ್ಲಿ ಶೇ. 80-85ರಷ್ಟನ್ನು ಹೊರಗಿನ ತಾಜಾ ಗಾಳಿಯಾಗಿ ಒಳಗೆ ಬಿಡಬೇಕು. ಕಡಿಮೆಯಾದರೆ ಹುಡ್ ಉಸಿರುಗಟ್ಟಿ ಹೊಗೆ ಹೊರಚೆಲ್ಲುತ್ತದೆ, ಜೊತೆಗೆ ಮಾಲಿನ ಎಸಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹೆಚ್ಚಾದರೆ ಒಗ್ಗರಣೆಯ ವಾಸನೆ ಬಟ್ಟೆ ಅಂಗಡಿಗೆ. ಅನೇಕ ಫುಡ್ ಕೋರ್ಟ್‌ಗಳಲ್ಲಿ ಗ್ಯಾಸ್ ಇರುವುದಿಲ್ಲ. ಕಾವಲಿ, ಗ್ರೈಂಡರ್, ಫ್ರೈಯರ್ ಮೂರೂ ಒಟ್ಟಿಗೆ ಓಡುವಷ್ಟು ಕಿಲೋವ್ಯಾಟ್ ಮಂಜೂರಾಗಿದೆಯೇ ಎಂದು ಲಿಖಿತವಾಗಿ ಪಡೆಯಿರಿ.

ಬಾಡಿಗೆಯ ಮಾತು ಚಿಕ್ಕದು: ಕನಿಷ್ಠ ಮೊತ್ತ ಅಥವಾ ವ್ಯಾಪಾರದ ಪಾಲು, ಯಾವುದು ಹೆಚ್ಚೋ ಅದು, ಮೇಲೆ ನಿರ್ವಹಣಾ ಶುಲ್ಕ. ದರ ಸಾಮಾನ್ಯವಾಗಿ ಕಾರ್ಪೆಟ್ ಏರಿಯಾದ (ಗೋಡೆಯೊಳಗಿನ ಬಳಕೆಯ ಜಾಗ) ಮೇಲಲ್ಲ, ಅದಕ್ಕೆ ಕಾರಿಡಾರ್ ಪಾಲು ಸೇರಿಸಿದ ಏರಿಯಾದ ಮೇಲೆ. ಹಾಗಾಗಿ ಟೇಪ್ ಹಿಡಿದು ಒಳಗಿನ ಜಾಗ ಅಳೆದು, ಚದರ ಅಡಿಗೆ ನಿಜವಾಗಿ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಿದ ಮೇಲೆಯೇ ಸಹಿ.