88 ಸೆಕೆಂಡಿನ ಟೀಸರ್ ಮುಂದಿಟ್ಟುಕೊಂಡು ಉರುಳುವ ರೋಬೋ: ಏಳನೇ ವಾರದವರೆಗಿನ ಕೆಲಸ

ಮೊದಲ ವಾರ

2014ರ ನವೆಂಬರ್ 28ರಂದು ‘ಸ್ಟಾರ್ ವಾರ್ಸ್: ದ ಫೋರ್ಸ್ ಅವೇಕನ್ಸ್’ ಸಿನಿಮಾದ ಮೊದಲ ಟೀಸರ್ ಬಂತು. ಬರೀ 88 ಸೆಕೆಂಡು. ಅದರಲ್ಲಿ ಮರಳಿನ ಮೇಲೆ ಉರುಳಿಕೊಂಡು ಹೋಗುವ ಚೆಂಡಿನ ರೋಬೋ ಕಾಣಿಸುವುದು ಎರಡು ಮೂರು ಸೆಕೆಂಡು ಮಾತ್ರ. ಅಂಥದೇ ರೋಬೋವನ್ನು ನಾನೇ ಮಾಡಬೇಕು ಅಂತ ಶುರು ಮಾಡಿರುವ ಕೆಲಸವೆಲ್ಲ ಆ ಎರಡು ಮೂರು ಸೆಕೆಂಡಿನದು.

ನಿಯಮ ಒಂದೇ. ಆ ದಿನ ಅಭಿಮಾನಿಗಳ ಹತ್ತಿರ ಏನಿತ್ತೋ ನನ್ನ ಹತ್ತಿರವೂ ಅಷ್ಟೇ ಇರಬೇಕು. ಆಮೇಲೆ ಬಂದ ಆ ರೋಬೋದ ಆಟಿಕೆಯನ್ನು ಬಿಚ್ಚಿ ನೋಡುವ ಹಾಗಿಲ್ಲ. ಬೇರೆಯವರು ಲೆಕ್ಕ ಹಾಕಿದ ಅಳತೆ ತೆಗೆದುಕೊಳ್ಳುವ ಹಾಗಿಲ್ಲ. ಟೀಸರ್, ಅದನ್ನು ನೋಡಿದವರು ಎತ್ತಿದ ಪ್ರಶ್ನೆಗಳು, ನನ್ನ ಎರಡು ಕೈ. ಇಷ್ಟರಲ್ಲೇ ಆಗಬೇಕು.

ಈ ಕೆಲಸಕ್ಕೆ ಕೈ ಹಾಕಿದ್ದೇ ಆ ದಿನದ ಪ್ರತಿಕ್ರಿಯೆಗಳನ್ನು ಮತ್ತೆ ಓದುತ್ತಾ ಕೂತಾಗ. ಸ್ಟಾರ್ ವಾರ್ಸ್ ಕಥೆ 1983ರ ಸಿನಿಮಾದಲ್ಲಿ ನಿಂತಿತ್ತು. ಮುಂದೇನಾಯಿತು ಅಂತ ಮೂವತ್ತು ವರ್ಷ ಕಾದವರು ಅವರು. ಅಮೆರಿಕ, ಕೆನಡಾದ 30 ಥಿಯೇಟರ್‌ಗಳಲ್ಲಿ ಟೀಸರ್ ಹಾಕಿದರು, ನೆಟ್‌ನಲ್ಲೂ ಅದೇ ದಿನ ಬಿಟ್ಟರು. ಕೊನೆಗೆ ಹಳೇ ಸಿನಿಮಾಗಳ ಆಕಾಶನೌಕೆ ಮಿಲೇನಿಯಂ ಫಾಲ್ಕನ್ ಮರಳಿನ ಮೇಲೆ ಮಗುಚಿಕೊಂಡು ಹಾರಿ, ಆ ಹಳೇ ಸಂಗೀತ ಬಂದಾಗ ಕಣ್ಣೀರು ಹಾಕಿದವರು ಎಷ್ಟೋ ಜನ. ಲೆಗೋ ಗೊಂಬೆಗಳನ್ನಿಟ್ಟು ಟೀಸರನ್ನೇ ಮತ್ತೆ ತೆಗೆದವರಿದ್ದಾರೆ. ಆರಂಭದಲ್ಲಿ ಕೇಳಿಸುವ ದನಿ ಯಾರದು ಅಂತ ವಾದಕ್ಕೆ ಬಿದ್ದವರಿದ್ದಾರೆ. ಅದು ನಟ ಆಂಡಿ ಸರ್ಕಿಸ್ ದನಿ ಅಂತ ಆಮೇಲೆ ಗೊತ್ತಾಯಿತು.

ಕೆಟ್ಟದ್ದೂ ಇತ್ತು, ಬಿಟ್ಟುಬಿಡಲು ಮನಸ್ಸಿಲ್ಲ. ಟೀಸರ್‌ನಲ್ಲಿ ಮೊದಲು ಕಾಣಿಸುವ ಮುಖ ಜಾನ್ ಬೊಯೇಗಾ ಅವರದು. ಸ್ಟಾರ್ಮ್‌ಟ್ರೂಪರ್ ಅನ್ನುವ ಸೈನಿಕರ ಉಡುಪಿನಲ್ಲಿ ಕಪ್ಪು ಬಣ್ಣದ ನಟ ಯಾಕೆ ಅಂತ ಕೆಲವರು ತಕರಾರು ತೆಗೆದರು. ಅಭ್ಯಾಸ ಮಾಡಿಕೊಳ್ಳಿ ಅಂತ ಬೊಯೇಗಾ ಸಮಾಧಾನವಾಗಿಯೇ ಉತ್ತರ ಕೊಟ್ಟರು. ಅಷ್ಟು ವರ್ಷ ಕಾದಿದ್ದಕ್ಕೆ ಸಿಕ್ಕ ಮೊದಲ ದೃಶ್ಯವನ್ನು ನೋಡಿ ಮನುಷ್ಯರಿಗೆ ಹೀಗೂ ಅನ್ನಿಸಬಹುದಾ ಅಂತ ನನಗೆ ಈಗಲೂ ಬೇಜಾರಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಜಗಳ. ಆ ಚೆಂಡು ನಿಜವಾ, ಕಂಪ್ಯೂಟರಿನದಾ?

ಎರಡನೇ ವಾರ

ಆ ದೃಶ್ಯವನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ನೋಡಿದೆ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಎಲ್ಲ ಸೇರಿ ಎಪ್ಪತ್ತರ ಒಳಗೆ. ಹೊಟ್ಟೆ ಉರುಳುತ್ತದೆ. ತಲೆ ಮೇಲೇ ಉಳಿಯುತ್ತದೆ. ಆದರೆ ಮೊಳೆ ಹೊಡೆದ ಹಾಗೆ ನಿಂತಿಲ್ಲ, ಸಣ್ಣಗೆ ಕುಲುಕುತ್ತದೆ. ಆ ಕುಲುಕಾಟ ನೋಡಿಯೇ ಒಂದು ಗುಂಪು ಇದು ನಿಜವಾದ ವಸ್ತು ಅಂದಿತ್ತು. ಇನ್ನೊಂದು ಗುಂಪು, ತಲೆ ಹಿಡಿದುಕೊಳ್ಳಲು ಏನೂ ಇಲ್ಲ, ಹಾಗಾಗಿ ಕಂಪ್ಯೂಟರೇ ಅಂದಿತ್ತು. ಮೂರನೆಯವರು ಒಳಗೆ ಮ್ಯಾಗ್ನೆಟ್ ಇದ್ದರೆ ಆಗುತ್ತಲ್ವಾ ಅಂದರು.

ನಾನು ಮೂರನೆಯವರ ದಾರಿ ಹಿಡಿದೆ. ಟೊಳ್ಳು ಚೆಂಡಿನೊಳಗೆ ಎರಡು ಚಕ್ರದ ರಿಮೋಟ್ ಕಾರು. ಕಾರಿನ ತಳದಲ್ಲಿ ಭಾರ. ಕಾರಿನಿಂದ ಮೇಲಕ್ಕೆ ಒಂದು ಕಂಬ, ಕಂಬದ ತುದಿಯಲ್ಲಿ ಮ್ಯಾಗ್ನೆಟ್. ಕಾರು ಒಳಗೋಡೆ ಹತ್ತಲು ಹೋದಾಗ ಚೆಂಡು ಮುಂದಕ್ಕೆ ಉರುಳುತ್ತದೆ. ಭಾರ ಕೆಳಗೇ ಇರುವುದರಿಂದ ಕಂಬ ನೆಟ್ಟಗೆ ನಿಲ್ಲುತ್ತದೆ. ಹೊರಗಿನ ತಲೆಯ ಅಡಿಯಲ್ಲೂ ಮ್ಯಾಗ್ನೆಟ್, ಜೊತೆಗೆ ಮೂರು ಪುಟ್ಟ ಚಕ್ರ. ಚೆಂಡಿನ ಗೋಡೆ ನಡುವೆ ಜಾರಿಕೊಂಡು ಹೋದರೂ ತಲೆ ಕಂಬದ ನೇರಕ್ಕೇ ಇರಬೇಕು. ಕಾಗದದ ಮೇಲೆ ಎಲ್ಲ ಸರಿ.

ಮೂರು ಮತ್ತು ನಾಲ್ಕನೇ ವಾರ

ಗಾಳಿ ತುಂಬುವ 30 ಸೆಂಟಿಮೀಟರ್ ಚೆಂಡಿನ ಮೇಲೆ ಹಳೇ ಪೇಪರನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದೆ. ಒಂದೊಂದು ಪದರವೂ ಒಣಗಬೇಕು, ಹಾಗಾಗಿ ಒಂಬತ್ತು ದಿನ ಹಿಡಿಯಿತು. ಒಣಗಿದ ಮೇಲೆ ನಡುವೆ ಕತ್ತರಿಸಿ ಎರಡು ಬಟ್ಟಲು ಮಾಡಿಕೊಂಡೆ. ಗಟ್ಟಿ ಇರಲಿ ಅಂತ ಪದರ ಜಾಸ್ತಿ ಹಾಕಿದ್ದೆ. ತಪ್ಪಾಗಿದ್ದು ಅಲ್ಲೇ.

ತಲೆ ನಿಲ್ಲಲಿಲ್ಲ. ಇಟ್ಟ ತಕ್ಷಣ ಜಾರಿ ಬಿತ್ತು.

ಒಂದು ಸಣ್ಣ ಪರೀಕ್ಷೆ ಮಾಡಿದೆ. ಎರಡು ಮ್ಯಾಗ್ನೆಟ್ ನಡುವೆ 3 ಮಿಲಿಮೀಟರ್ ರಟ್ಟು ಇಟ್ಟು, ಕೆಳಗಿನ ಮ್ಯಾಗ್ನೆಟ್‌ಗೆ ಒಂದೊಂದಾಗಿ ಕಬ್ಬಿಣದ ನಟ್ ನೇತುಹಾಕಿದೆ. ಹನ್ನೊಂದು ತಡೆಯಿತು. ರಟ್ಟನ್ನು 6 ಮಿಲಿಮೀಟರ್ ಮಾಡಿದೆ, ಮೂರೇ ಮೂರು. ಅಂತರ ಎರಡರಷ್ಟಾದರೆ ಹಿಡಿತ ಅರ್ಧ ಆಗುತ್ತದೆ ಅಂದುಕೊಂಡಿದ್ದೆ. ಅದು ಅರ್ಧದಲ್ಲಿ ನಿಲ್ಲುವುದಿಲ್ಲ. ನನ್ನ ಚೆಂಡಿನ ಗೋಡೆ ಕೆಲವು ಕಡೆ 9 ಮಿಲಿಮೀಟರ್ ಇತ್ತು.

ಒಳಗಡೆಯಿಂದ ಉಪ್ಪು ಕಾಗದ ಹಿಡಿದು ಉಜ್ಜಲು ಕೂತೆ. ಒಂದೇ ಜಾಗದಲ್ಲಿ ತೆಳುವಾದರೆ ಸಾಲದು. ಚೆಂಡು ಉರುಳುವಾಗ ತಲೆಯ ಕೆಳಗೆ ಎಲ್ಲ ಜಾಗವೂ ಒಂದಲ್ಲ ಒಂದು ಸಲ ಬರುತ್ತದೆ, ಹಾಗಾಗಿ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಮೂರು ಸಂಜೆ ಉಜ್ಜಿದೆ. ಬೆರಳಿಗೆ ಗಟ್ಟಿ ಅನ್ನಿಸಿದ ಕಡೆ ಪೆನ್ಸಿಲ್ ಗುರುತು, ಅಲ್ಲಿ ಮತ್ತೆ ಉಜ್ಜುವುದು. ಈಗ ಸುಮಾರು 4 ಮಿಲಿಮೀಟರಿಗೆ ಬಂದಿದೆ. ತಲೆಯನ್ನೂ ಹಗುರ ಮಾಡಿದೆ. ಥರ್ಮೋಕೋಲ್ ಅರ್ಧಗೋಳವನ್ನು ಒಳಗಿನಿಂದ ಕೆರೆದು 140 ಗ್ರಾಂನಿಂದ 90 ಗ್ರಾಂಗೆ ಇಳಿಸಿದೆ.

ಐದನೇ ವಾರ

ತಲೆ ನಿಂತಿತು! ಕೈಯಲ್ಲಿ ಚೆಂಡು ತಿರುಗಿಸಿದರೆ ತಲೆ ಮೇಲೇ ಉಳಿಯುತ್ತದೆ. ಅರ್ಧ ಗಂಟೆ ಸುಮ್ನೆ ತಿರುಗಿಸುತ್ತಾ ಕೂತಿದ್ದೆ.

ಈ ಹಂತ ದಾಟಿದ ಮೇಲೆ, ಟೀಸರ್ ನಂತರ ಹೊರಬಂದ ವಿವರಗಳನ್ನು ಓದಬಹುದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಓದಿದೆ. 2014ರ ಜಗಳದಲ್ಲಿ ಎರಡು ಕಡೆಯವರೂ ಅರ್ಧರ್ಧ ಸರಿ ಇದ್ದರು. ಶೂಟಿಂಗ್ ಜಾಗದಲ್ಲಿ ನಿಜವಾದ ಚೆಂಡೇ ಇತ್ತು. ಸಿನಿಮಾಕ್ಕೆ ಜೀವಿಗಳನ್ನೂ ರೋಬೋಗಳನ್ನೂ ಮಾಡಿಕೊಟ್ಟ ನೀಲ್ ಸ್ಕ್ಯಾನ್ಲನ್ ಅವರ ತಂಡ ಒಂದಲ್ಲ, ಹಲವು ಬಗೆಯ ಚೆಂಡು ಮಾಡಿತ್ತು. ಹೆಚ್ಚು ನಟಿಸಿದ್ದು ಕೋಲು ಹಿಡಿದು ಆಡಿಸುವ ಬೊಂಬೆ. ಬ್ರಯಾನ್ ಹೆರಿಂಗ್ ಮೈ ಆಡಿಸುತ್ತಿದ್ದರು, ಡೇವ್ ಚಾಪ್‌ಮನ್ ರಿಮೋಟ್ ಹಿಡಿದು ತಲೆ ಆಡಿಸುತ್ತಿದ್ದರು. ಕೋಲನ್ನೂ ಹಿಂದಿನ ಮನುಷ್ಯನನ್ನೂ ಕಂಪ್ಯೂಟರಿನಲ್ಲಿ ಅಳಿಸಿದರು. ಅಂದ್ರೆ ವಸ್ತು ನಿಜ, ಅಳಿಸಿದ್ದು ಕಂಪ್ಯೂಟರು. ಆ ಸಣ್ಣ ಕುಲುಕಾಟದಲ್ಲಿ ಜೀವ ಕಂಡವರ ಕಣ್ಣು ಎಷ್ಟು ಚುರುಕು ನೋಡಿ!

ತಾನೇ ಓಡಾಡುವ ಚೆಂಡು ಬೇರೆಯೇ ಒಂದು. 2015ರ ಏಪ್ರಿಲ್ 16ರಂದು ಅಮೆರಿಕದ ಅನಾಹೈಮ್‌ನಲ್ಲಿ ನಡೆದ ಅಭಿಮಾನಿಗಳ ಸಮಾವೇಶದಲ್ಲಿ ಅದು ವೇದಿಕೆಗೆ ಉರುಳಿಕೊಂಡು ಬಂತು. ಎರಡನೇ ಟೀಸರ್ ಬಂದಿದ್ದೂ ಅದೇ ದಿನ. ಅದರಲ್ಲಿ ಹಳೇ ಸಿನಿಮಾಗಳ ಪಾತ್ರಗಳಾದ ಹ್ಯಾನ್ ಸೋಲೋ ಮತ್ತು ಚ್ಯುಯಿಯನ್ನು ನೋಡಿ ಅತ್ತವರ ವಿಡಿಯೋಗಳು ಬೇಕಾದಷ್ಟಿವೆ. ಆದರೆ ನಾನು ಮತ್ತೆ ಮತ್ತೆ ಹಾಕಿ ನೋಡುವುದು ಚೆಂಡು ಬಂದ ಕ್ಷಣವನ್ನು. ಜನರ ಕೂಗಿನಲ್ಲಿ ಖುಷಿ ಇದೆ, ಅದರ ಜೊತೆ ಐದು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕ ಸಮಾಧಾನವೂ ಇದೆ. ನನ್ನ ಮೇಜಿನ ಮೇಲೆ ತಲೆ ನಿಂತಾಗ ನನಗೆ ಆಗಿದ್ದೂ ಅದೇ.

ಮೊದಲ ಟೀಸರ್‌ನಲ್ಲಿದ್ದ ಶಿಲುಬೆಯಾಕಾರದ ಕೆಂಪು ಲೈಟ್‌ಸೇಬರ್, ಅಂದ್ರೆ ಬೆಳಕಿನ ಕತ್ತಿಯ ಬಗ್ಗೆಯೂ ಇಷ್ಟೇ ಜೋರು ವಾದ ನಡೆದಿತ್ತು. ಹಿಡಿದವನ ಕೈಯನ್ನೇ ಕತ್ತರಿಸುತ್ತಲ್ಲ ಅಂತ. ಒಳಗಿನ ಹರಳು ಬಿರುಕು ಬಿಟ್ಟಿದೆ, ಹೆಚ್ಚಾದ ಶಕ್ತಿ ಪಕ್ಕಕ್ಕೆ ಹೊರಬರುತ್ತದೆ ಅಂತ ಆಮೇಲೆ ವಿವರಣೆ ಬಂತು. ಅದನ್ನು ಮಾಡುವ ಆಸೆ ಇದೆ, ಆದರೆ ಈಗಲ್ಲ.

ಆರು ಮತ್ತು ಏಳನೇ ವಾರ

ಕಾರು ಒಳಗೆ ಹೋಯಿತು. ಮೊದಲ ಓಟದಲ್ಲಿ ಕಾರು ಗೋಡೆ ಹತ್ತಿ ಮಗುಚಿತು, ಚೆಂಡು ಅಲ್ಲೇ ಅಲ್ಲಾಡುತ್ತಾ ನಿಂತಿತು. ತಳದ ಭಾರ ಸಾಲದು. ಸೀಸದ ತುಂಡುಗಳನ್ನು ಒಟ್ಟು 400 ಗ್ರಾಂ ಸೇರಿಸಿದ ಮೇಲೆ ಉರುಳಿತು.

ಈಗಿನ ಸ್ಥಿತಿ ಇದು. ನುಣುಪು ನೆಲದಲ್ಲಿ ನಿಧಾನವಾಗಿ ಬಿಟ್ಟರೆ ಹನ್ನೆರಡು ಸುತ್ತಿನವರೆಗೂ ತಲೆ ನಿಲ್ಲುತ್ತದೆ. ಬೀಳುವುದು ಯಾವಾಗಲೂ ಒಂದೇ ಜಾಗದಲ್ಲಿ, ಎರಡು ಬಟ್ಟಲು ಸೇರುವ ಗೆರೆಯ ಮೇಲೆ. ಅಲ್ಲಿ ಒಂದು ಬಟ್ಟಲಿನ ಅಂಚು ಕೂದಲೆಳೆಯಷ್ಟು ಎತ್ತರ ಇದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ತಲೆಯ ಪುಟ್ಟ ಚಕ್ರ ಅದಕ್ಕೆ ತಾಗಿ ಎಗರುತ್ತದೆ, ಮ್ಯಾಗ್ನೆಟ್ ಕೈಬಿಡುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಕಷ್ಟದ್ದು. ನನ್ನ ಓಟವನ್ನು ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಚಿತ್ರೀಕರಿಸಿ ಟೀಸರ್ ಪಕ್ಕದಲ್ಲಿಟ್ಟು ನೋಡಿದೆ. ಹೊರಡುವಾಗ ನನ್ನ ರೋಬೋ ತಲೆ ಹಿಂದಕ್ಕೆ ವಾಲುತ್ತದೆ. ಕಾರು ಮುಂದಿನ ಗೋಡೆ ಹತ್ತಿದಾಗ ಕಂಬದ ತುದಿ ಹಿಂದಕ್ಕೆ ಹೋಗಲೇಬೇಕು. ಯಾರೋ ಹಿಂದಕ್ಕೆ ಎಳೆದ ಹಾಗೆ ಕಾಣುತ್ತದೆ. ಟೀಸರ್‌ನಲ್ಲಿರುವುದು ಅವಸರದಲ್ಲಿ ಎಲ್ಲಿಗೋ ಹೊರಟ ಜೀವ.

ಕಂಬದ ಬುಡಕ್ಕೆ ಒಂದು ಸಣ್ಣ ಮೋಟರ್ ಹಾಕಿ, ಹೊರಡುವಾಗ ಕಂಬವನ್ನೇ ಮುಂದಕ್ಕೆ ಬಾಗಿಸಿ ನೋಡಬೇಕು ಅಂತಿದ್ದೇನೆ. ಅದಕ್ಕೆ ಮೊದಲು ಆ ಗೆರೆ ಸರಿಯಾಗಬೇಕು. ಬಟ್ಟಲು ಬಿಚ್ಚಿಟ್ಟಿದ್ದೇನೆ, ಪೆನ್ಸಿಲ್ ಗುರುತು ಹಾಕಿಯಾಗಿದೆ. ಉಪ್ಪು ಕಾಗದದ ಹೊಸ ಹಾಳೆಯೂ ಪಕ್ಕದಲ್ಲೇ ಇದೆ.